ಹೊಸಪೇಟೆಯ ಒಂದು ಕಪ್ಪು ಕಾರು: ಗೀರು ಬಂದಿದ್ದೆಲ್ಲಿಂದ, ಹೋಗಿದ್ದು ಹೇಗೆ

ಕಾರು ಕಪ್ಪು ಸೆಡಾನ್, ನಾಲ್ಕು ವರ್ಷ ಹಳೇದು. ಮಾಲೀಕರು ಹೊಸಪೇಟೆಯಲ್ಲಿ ಮನೆ ಮಾಡಿಕೊಂಡಿರುವ ಲೆಕ್ಚರರ್. ಕಾಲೇಜು ಬಳ್ಳಾರಿಯಲ್ಲಿ. ಹೋಗೋಕೆ ಸುಮಾರು 60 ಕಿಲೋಮೀಟರ್, ಬರೋಕೆ ಅಷ್ಟೇ. ದಾರಿಯಲ್ಲಿ ಅದಿರಿನ ಲಾರಿಗಳು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕೆಂಪು ಧೂಳು. ಕಾರು ತೊಳೆದು ಪಾಲಿಶ್ ಮಾಡುವ ನಮ್ಮ ಶೆಡ್ಡಿಗೆ ಕಾರು ತಂದಾಗ ಅವರು ಕೇಳಿದ್ದು ಇಷ್ಟೇ: "ಬಣ್ಣ ಹೋಗಿಬಿಟ್ಟಿದೆ, ಫುಲ್ ಪೇಂಟ್ ಮಾಡಿಸಬೇಕು ಅಂತಿದ್ದಾರೆ. ಎಷ್ಟಾಗುತ್ತೆ?"

ಬಿಸಿಲಲ್ಲಿ ನಿಲ್ಲಿಸಿದರೆ ಕಾರು ಕಪ್ಪಾಗಿ ಕಾಣುತ್ತಿರಲಿಲ್ಲ, ಬೂದು ಬಣ್ಣಕ್ಕೆ ತಿರುಗಿದ ಹಾಗಿತ್ತು. ಆದರೆ ಅವರು ಕಾರನ್ನು ನಿರ್ಲಕ್ಷ್ಯ ಮಾಡಿದವರಲ್ಲ. ದಿನಾ ಬೆಳಿಗ್ಗೆ ಒರೆಸಿಸುತ್ತಾರೆ, ರಾತ್ರಿ ಕವರ್ ಹಾಕುತ್ತಾರೆ. ಪಕ್ಕದ ಮನೆಯ ಬಿಳಿ ಕಾರಿಗೆ ವಾರಕ್ಕೊಮ್ಮೆಯೂ ನೀರು ಬೀಳಲ್ಲ, ಅದು ಹೊಸದರ ಹಾಗೇ ಇದೆ. ಅವರಿಗೆ ಬೇಜಾರಾಗಿದ್ದು ಅದಕ್ಕೇ. "ಇಷ್ಟೆಲ್ಲಾ ನೋಡಿಕೊಂಡ್ರೂ ನನ್ನ ಕಾರೇ ಯಾಕೆ ಹೀಗಾಯ್ತು?"

ಉತ್ತರ ಆ ಪ್ರಶ್ನೆಯೊಳಗೇ ಇತ್ತು. ಅಷ್ಟೆಲ್ಲಾ ಒರೆಸಿದ್ದರಿಂದಲೇ ಹಾಗಾಗಿತ್ತು. ಆದರೆ ಪೂರ್ತಿ ನೋಡದೆ ಹೇಳೋದು ಸರಿಯಲ್ಲ ಅಂತ ಮೊದಲು ಕಾರು ತೊಳೆದೆವು. ಕೊಳೆ ಇರುವ ಕಾರಿನ ಪೇಂಟ್ ಬಗ್ಗೆ ಯಾರು ಏನೇ ಹೇಳಿದರೂ ಅದು ಊಹೆ.

ಟಾರ್ಚ್ ಹಿಡಿದಾಗ ಕಂಡಿದ್ದು

ನೆರಳಿಗೆ ತಂದು ಮೊಬೈಲ್ ಟಾರ್ಚ್ ಹಾಕಿದೆವು. ಬಾನೆಟ್ ಮೇಲೆ ಬೆಳಕು ಬಿದ್ದ ಕಡೆಯೆಲ್ಲ ಜೇಡರ ಬಲೆಯಂಥ ಸಣ್ಣ ಗೀರುಗಳು. ಇವನ್ನೇ ಸ್ವರ್ಲ್ ಮಾರ್ಕ್ ಅನ್ನೋದು. ಟಾರ್ಚ್ ಆಚೀಚೆ ಮಾಡಿದರೆ ಬಲೆಯೂ ಜೊತೆಗೇ ಸರಿಯುತ್ತೆ. ಯಾಕಂದ್ರೆ ಗೀರು ಎಲ್ಲಾ ಕಡೆ, ಎಲ್ಲಾ ದಿಕ್ಕಿಗೂ ಇರುತ್ತೆ. ಬೆಳಕಿಗೆ ಅಡ್ಡಲಾಗಿ ಇರೋದು ಮಾತ್ರ ಮಿಂಚುತ್ತೆ, ಅದಕ್ಕೇ ಬೆಳಕಿನ ಸುತ್ತ ವೃತ್ತದ ಹಾಗೆ ಕಾಣುತ್ತೆ.

ರೂಫ್ ಮತ್ತು ಬಾನೆಟ್ ಮೇಲೆ ನೀರಿನ ಹನಿ ಒಣಗಿ ಉಳಿದ ಬಿಳಿ ಉಂಗುರಗಳಿದ್ದವು. ಬೋರ್‌ವೆಲ್ ನೀರಿನ ಕೆಲಸ. ಡ್ರೈವರ್ ಬಾಗಿಲಿನ ಹ್ಯಾಂಡಲ್ ಹಿಂದೆ ಉಗುರಿನ, ಉಂಗುರದ ಗೀಚು. ಬಾನೆಟ್ ಮೂಲೆಯಲ್ಲಿ ಮೆಷಿನ್ ಓಡಾಡಿದ ಉದ್ದನೆಯ ಮಸುಕು ಪಟ್ಟೆಗಳು. ಹಿಂದೆ ಎಲ್ಲೋ "ರಬ್ಬಿಂಗ್ ಪಾಲಿಶ್" ಮಾಡಿಸಿದ್ದಾರೆ ಅಂತ ಗೊತ್ತಾಯ್ತು. ಕೇಳಿದ್ದಕ್ಕೆ ಹೌದು ಅಂದರು. ಮಾಡಿಸಿದಾಗ ಫಳಫಳ ಅಂತಿತ್ತಂತೆ, ನಾಲ್ಕೈದು ಸಲ ತೊಳೆದ ಮೇಲೆ ಗೀರೆಲ್ಲ ವಾಪಸ್ ಬಂತಂತೆ. ವಾಪಸ್ ಬಂದಿದ್ದಲ್ಲ, ಹೋಗೇ ಇರಲಿಲ್ಲ. ಗೀರಿನೊಳಗೆ ಎಣ್ಣೆಯಂಥ ಗ್ಲೇಜ್ ತುಂಬಿ ಮುಚ್ಚಿರುತ್ತಾರೆ, ಶಾಂಪೂಗೆ ಅದು ಕರಗಿ ಹೋಗುತ್ತೆ.

ಡಿಕ್ಕಿಯ ಮೇಲೆ ಟಾರ್ಚ್ ಹಾಕಿದಾಗ ನಾವೆಲ್ಲ ಸ್ವಲ್ಪ ಹೊತ್ತು ಅಲ್ಲೇ ನಿಂತೆವು. "ಅ", "ಆ", ಪಕ್ಕದಲ್ಲಿ ಅರ್ಧ "ಇ". ಧೂಳು ಕೂತಿದ್ದಾಗ ಯಾವುದೋ ಮಗು ಬೆರಳಲ್ಲಿ ಬರೆದಿದೆ. ಧೂಳು ಯಾವಾಗಲೋ ತೊಳೆದು ಹೋಗಿದೆ, ಅಕ್ಷರ ಮಾತ್ರ ಪೇಂಟ್‌ನಲ್ಲಿ ಉಳಿದಿದೆ. ಧೂಳಿನ ಮೇಲೆ ಒಂದು ಬೆರಳು ಹೋದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅದೇ ಧೂಳಿನ ಮೇಲೆ ದಿನಾ ಬಟ್ಟೆ ಎಳೆದರೆ?

ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾಗಿಲ ಮೇಲೆ ಸವರಿದೆವು. ಬರಿಗೈಗೆ ನುಣ್ಣಗಿದ್ದ ಜಾಗ ಕವರ್ ಹಾಕಿದಾಗ ತರಿತರಿ ಅನ್ನುತ್ತೆ. ಬ್ರೇಕಿನಿಂದ ಹಾರುವ ಲೋಹದ ಪುಡಿ, ಕಾರ್ಖಾನೆ ಮತ್ತು ರೈಲು ಹಳಿ ಕಡೆಯಿಂದ ಬರುವ ಕಬ್ಬಿಣದ ಸಣ್ಣ ಕಣ ಪೇಂಟ್‌ಗೆ ಕಚ್ಚಿಕೊಂಡಿರುತ್ತೆ. ಬಿಳಿ ಕಾರಲ್ಲಾದರೆ ಕಿತ್ತಳೆ ಚುಕ್ಕೆಯಾಗಿ ಕಾಣುತ್ತೆ. ಕಪ್ಪು ಕಾರಲ್ಲಿ ಕಣ್ಣಿಗೆ ಬೀಳಲ್ಲ, ಕೈಗೆ ಮಾತ್ರ ಸಿಗುತ್ತೆ.

ಕೊನೆಗೆ ಪೇಂಟಿನ ದಪ್ಪ ಅಳೆಯುವ ಗೇಜ್ ಇಟ್ಟು ನೋಡಿದೆವು. ಹೆಚ್ಚಿನ ಕಡೆ 105ರಿಂದ 125 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಕಂಪನಿಯಿಂದ ಬಂದ ಪೇಂಟ್ ಸಾಮಾನ್ಯವಾಗಿ ಇಷ್ಟೇ ಇರುತ್ತೆ. ಎಡಗಡೆ ಹಿಂದಿನ ಬಾಗಿಲಲ್ಲಿ ಇದರ ಎರಡರಷ್ಟು ಬಂತು, ಅಂದರೆ ಅದಕ್ಕೆ ಒಮ್ಮೆ ಮತ್ತೆ ಪೇಂಟ್ ಆಗಿದೆ. ಬಾನೆಟ್ಟಿನ ಅಂಚಿನಲ್ಲಿ 90ರ ಆಸುಪಾಸು. ಹಿಂದಿನ ರಬ್ಬಿಂಗ್‌ನಲ್ಲಿ ಅಲ್ಲಿ ಜಾಸ್ತಿ ತಿಕ್ಕಿರಬೇಕು.

ಕಪ್ಪಿಗೇ ಯಾಕೆ ಇಷ್ಟು ಕಾಟ

ಜೆರಾಕ್ಸ್ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಕಾರಿನ ಪೇಂಟ್ ಎಲ್ಲಾ ಪದರ ಸೇರಿ ಹೆಚ್ಚುಕಮ್ಮಿ ಅಷ್ಟೇ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ ಇರುವ ಬೇಸ್ ಕೋಟ್, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್. ಹೊಳಪು ಕೊಡೋದೂ ಅದೇ, ಬಿಸಿಲು ತಡೆಯೋದೂ ಅದೇ. ಸ್ವರ್ಲ್ ಮಾರ್ಕ್ ಆಗೋದು ಈ ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿ ಮಾತ್ರ. ಕೆಳಗಿನ ಕಪ್ಪು ಬಣ್ಣಕ್ಕೆ ಏನೂ ಆಗಿರಲ್ಲ. ಹಾಗಾಗಿ ಲೆಕ್ಚರರ್ ಅವರಿಗೆ ಮೊದಲು ಹೇಳಿದ್ದು: ಪೇಂಟ್ ಮಾಡಿಸೋದು ಬೇಡ. ಕಂಪನಿ ಪೇಂಟ್ ಬಿಸಿ ಒಲೆಯಲ್ಲಿ ಬೇಯಿಸಿದ್ದು, ಅದನ್ನು ಸುಮ್ನೆ ಕಿತ್ತು ಹಾಕಬಾರದು.

ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ವಾಪಸ್ ಚೆಲ್ಲುತ್ತೆ. ಅಷ್ಟು ಬೆಳಕಿನಲ್ಲಿ ಗೀರಿನ ಮಿಂಚು ಕಳೆದುಹೋಗುತ್ತೆ. ಕಪ್ಪು ಬೆಳಕನ್ನು ನುಂಗಿಬಿಡುತ್ತೆ. ಕಣ್ಣಿಗೆ ವಾಪಸ್ ಬರೋದು ಮೇಲ್ಮೈಯ ಪ್ರತಿಬಿಂಬ ಮಾತ್ರ. ಆ ಮೇಲ್ಮೈಯಲ್ಲಿ ಏನು ಕೆಟ್ಟರೂ ನೇರವಾಗಿ ಕಾಣುತ್ತೆ. ಪಕ್ಕದ ಮನೆಯ ಬಿಳಿ ಕಾರಲ್ಲೂ ಗೀರು ಇದೆ. ಆಮೇಲೊಂದು ದಿನ ಅವರೇ ಟಾರ್ಚ್ ಹಾಕಿ ನೋಡಿಕೊಂಡು ಬಂದು ಹೇಳಿದರು.

ಬಿಸಿಯ ವಿಷಯವೂ ಇದೆ. ಬಳ್ಳಾರಿ ಬೇಸಿಗೆಯಲ್ಲಿ ಬಯಲಲ್ಲಿ ನಿಂತ ಕಪ್ಪು ಬಾನೆಟ್ 60-70 ಡಿಗ್ರಿಗೆ ಹೋಗುತ್ತೆ. ಅದರ ಮೇಲೆ ನೀರು ಹಾಕಿದರೆ ಕ್ಷಣದಲ್ಲಿ ಆವಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣ ಅಲ್ಲೇ ಉಳಿಯುತ್ತೆ. ಪಾರಿವಾಳದ ಹಿಕ್ಕೆ ಬಿದ್ದರೂ ಬಿಸಿ ಕ್ಲಿಯರ್ ಕೋಟ್‌ಗೆ ಬೇಗ ಕಚ್ಚುತ್ತೆ.

ಒರೆಸುವ ಅಣ್ಣನ ಮಾತು

ಈ ಪ್ರಕರಣದಲ್ಲಿ ಮುಖ್ಯವಾದ ಕೆಲಸ ಆಗಿದ್ದು ಶೆಡ್ಡಿನಲ್ಲಲ್ಲ, ಅವರ ಮನೆ ಮುಂದೆ. ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದೆ.

ಆ ಬಡಾವಣೆಯಲ್ಲಿ ಕಾರು ಒರೆಸೋಕೆ ಒಬ್ಬ ಅಣ್ಣ ಬರುತ್ತಾರೆ. ಒಂದು ಮನೆಯಿಂದ ತಿಂಗಳಿಗೆ 500 ರೂಪಾಯಿ. ಬಿಸಿಲೇರುವ ಮೊದಲು ಇಡೀ ಬೀದಿ ಮುಗಿಸಬೇಕು. ಒಂದು ಬಕೆಟ್, ಹಳೇ ಪಂಚೆಯ ಒಂದು ತುಂಡು. ಬಟ್ಟೆ ಅದ್ದುತ್ತಾರೆ, ಹಿಂಡುತ್ತಾರೆ, ರೂಫ್‌ನಿಂದ ಶುರು ಮಾಡಿ ಸುತ್ತುಸುತ್ತಾಗಿ ಒರೆಸುತ್ತಾರೆ. ಬಂಪರ್ ಕೆಳಗಿನ ಮಣ್ಣು ಒರೆಸಿದ ಬಟ್ಟೆಯೇ ಬಕೆಟ್‌ಗೆ ಅದ್ದಿ ಮುಂದಿನ ಬಾಗಿಲಿಗೆ. ನಾಲ್ಕು ಕಾರು ಆಗೋ ಹೊತ್ತಿಗೆ ಬಕೆಟ್ ನೀರು ಕೆಂಪಗಾಗಿರುತ್ತೆ. ಆ ಬಟ್ಟೆಯನ್ನು ನಾನು ಬಿಳಿ ತಟ್ಟೆಯೊಂದರ ಮೇಲೆ ಹಿಂಡಿ ನೋಡಿದೆ. ತಳದಲ್ಲಿ ಕೂತಿದ್ದು ಕರಕರ ಅನ್ನುವ ಕೆಂಪು ಮರಳು.

ನಮ್ಮ ಕಡೆಯ ಧೂಳು ಬೇರೆ ಊರಿನಂಥದ್ದಲ್ಲ. ಸಂಡೂರಿನ ಗುಡ್ಡದ ಅದಿರು ಹೆಮಟೈಟ್. ಅದರ ಜೊತೆ ಮಣ್ಣಿನಲ್ಲಿರೋ ಸ್ಫಟಿಕ ಶಿಲೆಯ ಪುಡಿ, ಅಂದರೆ ಕ್ವಾರ್ಟ್ಜ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್ 7, ಸಾಮಾನ್ಯ ಚಾಕುವಿನ ಉಕ್ಕು ಸುಮಾರು 5.5. ಕ್ಲಿಯರ್ ಕೋಟ್ ಒಂದು ಬಗೆಯ ಪ್ಲಾಸ್ಟಿಕ್, ಇವೆರಡಕ್ಕಿಂತ ಎಷ್ಟೋ ಮೆತ್ತಗೆ. ಒದ್ದೆ ಬಟ್ಟೆ ಧೂಳನ್ನು ಎತ್ತಿಕೊಳ್ಳಲ್ಲ. ತಳ್ಳಿಕೊಂಡು ಹೋಗುತ್ತೆ. ತಳ್ಳಿದಷ್ಟು ದೂರವೂ ಗೀರು.

"ಅಣ್ಣಾ, ಒರೆಸೋ ಮುಂಚೆ ನೀರು ಬಿಟ್ಟು ಧೂಳು ಇಳಿಸಿದ್ರೆ ಆಗಲ್ವಾ?" ಅಂತ ಕೇಳಿದೆ.

"ಅಷ್ಟು ನೀರು ಯಾರು ಕೊಡ್ತಾರ್ರೀ? ಒರೆಸ್ಲಿಲ್ಲಾಂದ್ರ ಕೆಲಸಾನೇ ಮಾಡಿಲ್ಲ ಅಂತಾರ್ರೀ ಮಂದಿ," ಅಂದರು.

ಅವರ ಮಾತು ನ್ಯಾಯವಾದದ್ದು. ಬೆಳಿಗ್ಗೆ ಎದ್ದು ನೋಡಿದಾಗ ಕಾರಿನ ಮೇಲೆ ಧೂಳಿದ್ದರೆ ಕೇಳುವವರು ನಾವೇ. ಧೂಳು ಕೂತಿದ್ದರೆ ಪೇಂಟ್‌ಗೆ ಗೀರು ಬೀಳಲ್ಲ, ಅದನ್ನು ಒಣಗಿದ್ದಾಗ ಮುಟ್ಟಿದರೇ ಕೆಡೋದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೆಲಸದವರು ಬಟ್ಟೆ ಸರಿಯಾಗಿ ಹಿಡಿಯಲ್ಲ ಅಂತ ಬೈಯೋ ಮಾಲೀಕರನ್ನು ನಾನು ಬಹಳ ನೋಡಿದ್ದೀನಿ. ಬಟ್ಟೆ, ನೀರು, ಸಮಯ ಮೂರನ್ನೂ ಕೊಡದೆ ಬೈಯೋದು ತಪ್ಪು.

ಇನ್ನೊಂದು ಕಾರಣ ಕವರ್. ಅವರು ಕವರ್ ಹಾಕುತ್ತಿದ್ದುದು ಓಡಿಸಿಕೊಂಡು ಬಂದ ಧೂಳು ಕಾರಿನ ಮೇಲೇ. ಹೊಸಪೇಟೆಯ ಗಾಳಿಗೆ ಕವರ್ ರಾತ್ರಿಯೆಲ್ಲ ಅಲುಗಾಡುತ್ತೆ. ಬಾಗಿಲ ಮೇಲಂಚು ಮತ್ತು ರೂಫ್‌ನ ಬದಿಯಲ್ಲಿ ಒಂದೇ ದಿಕ್ಕಿನ ಮಸುಕು ಉಜ್ಜು ಕಂಡಿದ್ದು ಇದರಿಂದ.

ಶೆಡ್ಡಿನಲ್ಲಿ ಮಾಡಿದ್ದು

ಫೋಮ್ ಹೊಡೆದು, ಪ್ರೆಶರ್ ನೀರಲ್ಲಿ ತೊಳೆದು, ಕಬ್ಬಿಣ ಕರಗಿಸುವ ಐರನ್ ರಿಮೂವರ್ ಹೊಡೆದೆವು. ಎರಡು ನಿಮಿಷದಲ್ಲಿ ಬಾಗಿಲ ಮೇಲಿಂದ ನೇರಳೆ ಬಣ್ಣದ ನೀರು ಇಳಿಯೋಕೆ ಶುರುವಾಯ್ತು. ಕಬ್ಬಿಣದ ಕಣ ಇರುವ ಕಡೆ ಅದು ನೇರಳೆಗೆ ತಿರುಗುತ್ತೆ. ಹಿಂದಿನ ಬಂಪರ್ ಮತ್ತು ಬಾಗಿಲುಗಳ ಕೆಳಭಾಗದಲ್ಲಿ ಜಾಸ್ತಿ ಇತ್ತು. ಇದನ್ನು ನೆರಳಲ್ಲೇ ಮಾಡಬೇಕು, ಒಣಗೋಕೆ ಬಿಡಬಾರದು. ಗಂಧಕದ ವಾಸನೆ ಜೋರಾಗಿ ಬರುತ್ತೆ, ಕೈಗೆ ಗ್ಲೌಸ್ ಇರಲೇಬೇಕು. ಉಳಿದ ತರಿಯನ್ನು ಜೇಡಿಮಣ್ಣಿನಂಥ ಮೆತ್ತನೆ ಮುದ್ದೆಯಾದ ಕ್ಲೇ ಬಾರ್‌ನಿಂದ ತೆಗೆದೆವು. ಕ್ಲೇ ನೆಲಕ್ಕೆ ಬಿದ್ದರೆ ಅಲ್ಲಿಗೆ ಅದರ ಕಥೆ ಮುಗೀತು, ಮತ್ತೆ ಕಾರಿಗೆ ಮುಟ್ಟಿಸಬಾರದು.

ನೀರಿನ ಉಂಗುರಕ್ಕೆ ಅಡುಗೆಮನೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದೆರಡು ನಿಮಿಷ ಇಟ್ಟು ತೊಳೆದೆವು. ಮುಕ್ಕಾಲು ಪಾಲು ಹೋಯ್ತು. ಹೋಗದೆ ಉಳಿದದ್ದು ಕ್ಲಿಯರ್ ಕೋಟ್ ಒಳಗೇ ಕೊರೆದಿರುವಂಥದ್ದು, ಪಾಲಿಶ್‌ಗೆ ಬಿಟ್ಟೆವು.

ಪಾಲಿಶ್ ಅಂದರೆ ಕ್ಲಿಯರ್ ಕೋಟ್‌ನ ಮೇಲ್ಭಾಗವನ್ನು ಗೀರಿನ ತಳದ ಮಟ್ಟಕ್ಕೆ ಇಳಿಸೋದು. ಗೀರು ತುಂಬಿಕೊಳ್ಳಲ್ಲ, ಸುತ್ತಲಿನದು ಸವೆಯುತ್ತೆ. ಆದ್ದರಿಂದ ಪ್ರತಿ ಪಾಲಿಶ್‌ಗೂ ಒಂದಿಷ್ಟು ಮೈಕ್ರಾನ್ ಹೋಗುತ್ತೆ, ಅದು ಮತ್ತೆ ಬರಲ್ಲ. ಇದನ್ನು ಹೇಳದೆ ವರ್ಷಕ್ಕೆ ಎರಡು ಸಲ ರಬ್ಬಿಂಗ್ ಮಾಡಿಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ಬಾನೆಟ್ ಮಧ್ಯೆ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ ಮೊದಲು ಅಲ್ಲಿ ಮಾತ್ರ ಪರೀಕ್ಷೆ ಮಾಡಿದೆವು. ಶುರು ಯಾವಾಗಲೂ ಮೆತ್ತಗಿನದರಿಂದ: ಮೃದು ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್. ಅರ್ಧ ಗೀರು ಹೋಯ್ತು. ಆಮೇಲೆ ಸ್ವಲ್ಪ ಒರಟಾದ ಪಾಲಿಶ್ ಪೇಸ್ಟ್, ಅಂದರೆ ಮಧ್ಯಮ ಕಾಂಪೌಂಡ್ ಹಾಕಿ, ಅದರ ಮೇಲೆ ಮತ್ತೆ ಫಿನಿಶಿಂಗ್. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ನೀರು ಬೆರೆಸಿ ಒರೆಸಿ, ಎಣ್ಣೆ ಅಂಶ ಪೂರ್ತಿ ತೆಗೆದು ಟಾರ್ಚ್ ಹಾಕಿದೆವು. ಈ ಆಲ್ಕೋಹಾಲ್ ಒರೆಸೋದನ್ನು ಗ್ರಾಹಕರು ಕೇಳಿ ಮಾಡಿಸಿಕೊಳ್ಳಬೇಕು. ಗೀರು ಹೋಗಿದೆಯೋ, ಮುಚ್ಚಿದ್ದಾರೋ ಅಂತ ಅಲ್ಲೇ ಗೊತ್ತಾಗುತ್ತೆ. ಚೌಕದೊಳಗೆ ಗೇಜ್ ಎರಡರಿಂದ ಮೂರು ಮೈಕ್ರಾನ್ ಕಡಿಮೆ ತೋರಿಸಿತು. ಬಲೆ ಹೋಗಿತ್ತು, ಆಳದ ನಾಲ್ಕೈದು ಗೆರೆ ಮಾತ್ರ ಉಳಿದಿದ್ದವು.

"ಆ ಗೆರೆನೂ ತೆಗೆಯೋಕೆ ಆಗಲ್ವಾ?" ಅಂತ ಲೆಕ್ಚರರ್ ಕೇಳಿದರು.

"ಆಗುತ್ತೆ ಸರ್. ಅದಕ್ಕೆ ಇನ್ನೂ ಅಷ್ಟು ಮೈಕ್ರಾನ್ ಕಳೀಬೇಕು. ಕಾರು ಇನ್ನೂ ಎಷ್ಟು ವರ್ಷ ಇಟ್ಕೊಳ್ತೀರಿ?"

"ಹತ್ತು ವರ್ಷ ಆದ್ರೂ ಬೇಕು."

ಹಾಗಾದ್ರೆ ಬೇಡ ಅಂತ ತೀರ್ಮಾನ ಆಯ್ತು. ಇಡೀ ಕಾರನ್ನು ಡ್ಯುಯಲ್ ಆ್ಯಕ್ಷನ್ ಮೆಷಿನ್‌ನಲ್ಲಿ ಇದೇ ರೀತಿ ಮಾಡಿದೆವು. ಈ ಮೆಷಿನ್ ತಿರುಗುವುದರ ಜೊತೆಗೆ ಓಲಾಡುತ್ತೆ, ಒಂದೇ ಕಡೆ ಬಿಸಿ ಏರಲ್ಲ, ಪಟ್ಟೆ ಬೀಳಲ್ಲ. ಬಾನೆಟ್ ಅಂಚಿಗೆ ಟೇಪ್ ಹಚ್ಚಿ ಮೆಷಿನ್ ಮುಟ್ಟಿಸಲೇ ಇಲ್ಲ. ಡಿಕ್ಕಿಯ "ಅ ಆ" ಹೋಯ್ತು. ಎಡ ಬಾಗಿಲಲ್ಲಿ ಒಂದು ಉದ್ದ ಗೀರಿತ್ತು, ಅದು ಹೋಗಲಿಲ್ಲ. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುವ ಗೀರು ಪಾಲಿಶ್‌ಗೆ ಹೋಗಲ್ಲ. ಅದಕ್ಕೆ ಟಚ್ಅಪ್ ಪೇಂಟ್ ತುಂಬಿದೆವು. ಹತ್ತಿರದಿಂದ ನೋಡಿದರೆ ಕಾಣುತ್ತೆ.

ಸೆರಾಮಿಕ್, ಅಂದರೆ ಪೇಂಟ್ ಮೇಲೆ ಹಚ್ಚಿ ಗಟ್ಟಿಯಾಗುವ ಲೇಪ, ಹಾಕಿಸಿದರೆ ಗೀರು ಬೀಳಲ್ವಂತೆ ಹೌದಾ ಅಂತ ಕೇಳಿದರು. ಎಲ್ಲರೂ ಕೇಳೋ ಪ್ರಶ್ನೆ ಇದು. ಸೆರಾಮಿಕ್ ಕೋಟಿಂಗ್ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ದಪ್ಪ ಇರುತ್ತೆ. ಡಬ್ಬದ ಮೇಲೆ ಬರೆದಿರೋ 9ಎಚ್ ಅನ್ನೋದು ಪೆನ್ಸಿಲ್ ಗಡಸುತನದ ಅಳತೆ, ಮೋಸ್ ಮಾಪಕದ 9 ಅಲ್ಲ. ನೀರು, ಕೊಳೆ ಬೇಗ ಜಾರುತ್ತೆ, ತೊಳೆಯೋದು ಸುಲಭ ಆಗುತ್ತೆ, ಅಷ್ಟು ಲಾಭ ಖಂಡಿತ ಇದೆ. ಪಂಚೆ ತುಂಡು ಮತ್ತು ಕೆಂಪು ಧೂಳಿನ ಮುಂದೆ ಅದು ನಿಲ್ಲಲ್ಲ. ನಿಜವಾಗಿ ಗೀರು ತಡೆಯೋದು ಪಿಪಿಎಫ್, ಅಂದರೆ ಪೇಂಟ್ ಮೇಲೆ ಅಂಟಿಸುವ ದಪ್ಪ ಪಾರದರ್ಶಕ ಫಿಲ್ಮ್. ಅದು 150 ಮೈಕ್ರಾನ್‌ಗೂ ಮೇಲೆ ಇರುತ್ತೆ, ಸಣ್ಣ ಗೀರು ಬಿಸಿಲಿಗೆ ತಾನೇ ಮಾಯುತ್ತೆ. ಆದರೆ ದುಬಾರಿ. ಅವರ ಬಜೆಟ್‌ಗೆ ಹ್ಯಾಂಡಲ್ ಹಿಂದಿನ ನಾಲ್ಕು ತಗ್ಗುಗಳಿಗೆ ಮಾತ್ರ ಫಿಲ್ಮ್ ಅಂಟಿಸಿ, ಉಳಿದದ್ದಕ್ಕೆ ಸೀಲಂಟ್, ಅಂದರೆ ಮೇಣದ ಹಾಗೆ ಹಚ್ಚುವ ತೆಳು ರಕ್ಷಣಾ ಪದರ, ಹಚ್ಚಿದೆವು. ತೊಳೆಯುವ ರೀತಿ ಬದಲಾಗದೆ ಕೋಟಿಂಗ್‌ಗೆ ದುಡ್ಡು ಹಾಕೋದು ಬೇಡ ಅಂತ ನಾನೇ ಹೇಳಿದೆ.

ಈಗ ಹೇಗೆ ತೊಳೆಯುತ್ತಾರೆ

ನೀರಿನ ಸಮಸ್ಯೆಗೆ ದಾರಿ ಸಿಕ್ಕಿದ್ದು ಗೊಬ್ಬರದ ಅಂಗಡಿಯಲ್ಲಿ. ಹೊಲಕ್ಕೆ ಔಷಧಿ ಹೊಡೆಯೋ 16 ಲೀಟರ್ ಬ್ಯಾಟರಿ ಪಂಪ್ ತಂದರು. ಹೊಸದೇ ಆಗಬೇಕು, ಔಷಧಿ ತುಂಬಿದ್ದ ಪಂಪ್ ಬೇಡವೇ ಬೇಡ. ಪ್ರೆಶರ್ ವಾಷರ್‌ನಷ್ಟು ಜೋರಿಲ್ಲ, ಆದರೆ ಸಡಿಲ ಧೂಳು ಇಳಿಸೋಕೆ ಸಾಕು, ಒಂದು ತುಂಬಿದರೆ ಕಾರು ಪೂರ್ತಿ ಆಗುತ್ತೆ. ನೀರು ಬೋರ್‌ವೆಲ್‌ದಲ್ಲ, ಕೊಳಾಯಿಯದ್ದು.

ಒರೆಸುವ ಅಣ್ಣನ ಜೊತೆ ಹೊಸ ಒಪ್ಪಂದ ಆಯ್ತು. ಸಂಬಳ ಅಷ್ಟೇ. ದಿನಾ ಒರೆಸೋದು ಗಾಜು ಮತ್ತು ಕನ್ನಡಿ ಮಾತ್ರ, ಕಾರಿನ ಮೈಗೆ ಬಟ್ಟೆ ಮುಟ್ಟಿಸುವಂತಿಲ್ಲ. ವಾರದ ಮಧ್ಯೆ ಒಂದು ಸಲ ಪಂಪ್‌ನಲ್ಲಿ ಧೂಳು ಇಳಿಸೋದು. ಭಾನುವಾರ ಪೂರ್ತಿ ವಾಶ್. ಅವತ್ತು ಲೆಕ್ಚರರ್ ಕೂಡ ಜೊತೆಗೆ ನಿಲ್ಲುತ್ತಾರೆ. ಮೊದಲು ಪಂಪ್‌ನಲ್ಲಿ ಮೇಲಿಂದ ಕೆಳಗೆ ನೀರು. ಆಮೇಲೆ ಬಕೆಟ್ ನೀರಿಗೆ, ಕೊನೆಗೆ ನೀರು ಬಿಟ್ಟು ತೊಳೆಯಬೇಕಿಲ್ಲದ ರಿನ್ಸ್‌ಲೆಸ್ ವಾಶ್ ದ್ರಾವಣ ಹಾಕಿ ಹತ್ತು ಮೈಕ್ರೋಫೈಬರ್ ಬಟ್ಟೆ ನೆನೆಹಾಕುತ್ತಾರೆ. ಒಂದು ಬಟ್ಟೆ ನಾಲ್ಕಾಗಿ ಮಡಚಿದರೆ ಎಂಟು ಮುಖ. ಒಂದು ಮುಖ ಒಂದು ಎಳೆತಕ್ಕೆ, ನೇರವಾಗಿ, ಒತ್ತದೆ. ಬಳಸಿದ ಬಟ್ಟೆ ಮತ್ತೆ ಆ ಬಕೆಟ್‌ಗೆ ಹೋಗಲ್ಲ, ಪಕ್ಕದ ಖಾಲಿ ಬಕೆಟ್‌ಗೆ. ರೂಫ್, ಗಾಜು, ಬಾನೆಟ್, ಬಾಗಿಲ ಮೇಲ್ಭಾಗ, ಕೊನೆಗೆ ಕೆಳಗಿನ ಪಟ್ಟಿ. ಚಕ್ರದ ಬಟ್ಟೆಯ ಬಣ್ಣವೇ ಬೇರೆ. ಒಣಗಿಸೋಕೆ ದೊಡ್ಡ ದಪ್ಪ ಟವೆಲ್ ಹಾಸಿ ಮೆಲ್ಲಗೆ ಎಳೆಯೋದು, ಉಜ್ಜೋದಿಲ್ಲ.

ಬಟ್ಟೆ ಒಗೆಯೋದು ಬೇರೆಯಾಗಿ, ಕಂಫರ್ಟ್‌ನಂಥ ಸಾಫ್ಟನರ್ ಹಾಕದೆ. ಅದು ಎಳೆಗಳಿಗೆ ಮೆತ್ತಿಕೊಂಡು ಬಟ್ಟೆ ನೀರು ಹೀರೋದನ್ನೇ ನಿಲ್ಲಿಸುತ್ತೆ. ಬಟ್ಟೆಯ ಅಂಚಿನ ಲೇಬಲ್ ಕತ್ತರಿಸಿ ಹಾಕಿ. ಪಾತ್ರೆ ತೊಳೆಯೋ ಲಿಕ್ವಿಡ್ ಕಾರಿಗೆ ಬೇಡ, ಸೀಲಂಟ್ ಅದಕ್ಕೆ ಬೇಗ ಸವೆಯುತ್ತೆ. ಕವರ್ ಈಗ ತೊಳೆದ ಕಾರಿಗೆ, ಊರಿಗೆ ಹೋಗೋ ದಿನ ಮಾತ್ರ. ಹಿಕ್ಕೆ ಬಿದ್ದರೆ ಕಾರಲ್ಲೇ ಇರುವ ಬಾಟಲಿ ನೀರಲ್ಲಿ ಟಿಶ್ಯೂ ನೆನೆಸಿ ಐದು ನಿಮಿಷ ಮೇಲಿಟ್ಟು ಎತ್ತಬೇಕು. ಕೆರೆಯಬಾರದು.

ಆಯುಧ ಪೂಜೆ ಬಗ್ಗೆ ಮನೆಯಲ್ಲಿ ಸಣ್ಣ ಚರ್ಚೆಯೇ ಆಯ್ತು. ಹಿಂದಿನ ವರ್ಷಗಳ ಗುರುತು ಬಾನೆಟ್ ಮೇಲಿತ್ತು. ಚೆಂಡುಹೂವಿನ ಹಾರದ ದಾರ ಉಜ್ಜಿದ ಗೆರೆ, ಬಾಳೆಕಂದು ಕಟ್ಟಿಕೊಂಡು ಓಡಿಸಿದಾಗ ಬಂಪರ್ ಪಕ್ಕ ಆದ ತಿಕ್ಕು, ಬಾಳೆಯ ಕರೆ. ಪೂಜೆ ನಿಲ್ಲಿಸಿ ಅಂತ ಹೇಳೋ ಮಾತೇ ಇಲ್ಲ. ಲೆಕ್ಚರರ್ ಅವರ ತಾಯಿ ತಾವೇ ದಾರಿ ಹುಡುಕಿದರು. ಕುಂಕುಮ, ವಿಭೂತಿ ಗಾಜಿಗೆ ಮತ್ತು ನಂಬರ್ ಪ್ಲೇಟ್‌ಗೆ. ಹಾರ ಗ್ರಿಲ್‌ಗೆ ಮಾತ್ರ, ಬಾನೆಟ್ ಮೇಲೆ ಹಾಯಿಸದೆ. ಬಾಳೆಕಂದು ಕಾರು ನಿಂತಿರುವಾಗ ಪಕ್ಕಕ್ಕೆ, ಓಡಿಸುವ ಮುಂಚೆ ತೆಗೆಯೋದು. ಕುಂಕುಮವನ್ನು ಒಣಗಿದ ಬಟ್ಟೆಯಲ್ಲಿ ಒರೆಸದೆ ನೀರು ಬಿಟ್ಟು ಇಳಿಸಿದರು.

ಮಳೆಗಾಲ, ಹಬ್ಬ ಕಳೆದ ಮೇಲೆ

ದೀಪಾವಳಿ ಹೊತ್ತಿಗೆ ಕಾರು ಮತ್ತೆ ಶೆಡ್ಡಿಗೆ ಬಂತು. ತೊಳೆದು, ಆಲ್ಕೋಹಾಲ್ ಒರೆಸಿ, ಟಾರ್ಚ್ ಹಾಕಿದೆವು. ಬಾನೆಟ್ ಮೇಲೆ ಅಲ್ಲಲ್ಲಿ ತೆಳು ಗೆರೆ ಇದ್ದವು, ಬಲೆ ಇರಲಿಲ್ಲ. ಕವರ್ ಉಜ್ಜಿದ ಮಸುಕು ಹೊಸದಾಗಿ ಆಗಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಯಾರೋ ಗಾಜು ಒರೆಸುವಾಗ ಬಾನೆಟ್ ಮೇಲೂ ಬಟ್ಟೆ ಎಳೆದ ಗುರುತೊಂದಿತ್ತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಕಲ್ಲು ಸಿಡಿದ ಚುಕ್ಕೆಗಳಿವೆ. ಲಾರಿ ಓಡಾಡುವ ರಸ್ತೆಯಲ್ಲಿ ಅದಕ್ಕೆ ಫಿಲ್ಮ್ ಬಿಟ್ಟರೆ ಬೇರೆ ಉಪಾಯ ಇಲ್ಲ. ಕಬ್ಬಿಣದ ಕಣ ಮತ್ತೆ ಸೇರಿತ್ತು, ಐರನ್ ರಿಮೂವರ್ ಒಮ್ಮೆ ಹೊಡೆದೆವು. ಈ ದಾರಿಯಲ್ಲಿ ಓಡಾಡುವ ಕಾರಿಗೆ ಆರು ತಿಂಗಳಿಗೊಮ್ಮೆ ಇದು ಬೇಕೇಬೇಕು. ಮೆಷಿನ್ ಮುಟ್ಟಿಸಲಿಲ್ಲ, ಸೀಲಂಟ್ ಮಾತ್ರ ಹೊಸದಾಗಿ ಹಚ್ಚಿ ಕಳಿಸಿದೆವು.

ಅದೇ ಬೀದಿಯಲ್ಲಿ ಇನ್ನೊಂದು ಕಡು ನೀಲಿ ಕಾರಿದೆ. ಒರೆಸುವ ಅಣ್ಣ ಅದರ ಮಾಲೀಕರಿಗೂ ಪಂಪ್ ತರಿಸಿಕೊಳ್ಳೋಕೆ ಹೇಳಿದ್ದಾರೆ. ಪಂಪ್ ಬಂದಿದೆ. ಬಟ್ಟೆ ಮಾತ್ರ ಇನ್ನೂ ಬಂದಿಲ್ಲ, ಹಾಗಾಗಿ ಸದ್ಯಕ್ಕೆ ಆ ಕಾರಿನ ಮೇಲೆ ನೀರಷ್ಟೇ ಬಿಡುತ್ತಿದ್ದಾರೆ.